ಹಸಿ ದಾರಿಯ ತೊಟ್ಟಿಲಮ್ಮ

ಒಂದಾನೊಂದು ಬೀದಿಯಲ್ಲಿ ಒಂದು ದಾರಿ ಇತ್ತಂತೆ. ತೀರಾ ಪುಟ್ಟ ದಾರಿ. ಗೇಟಿನಲ್ಲಿ ಹುಟ್ಟಿ ಮನೆಬಾಗಿಲಲ್ಲಿ ಮುಗಿದುಹೋಗುತ್ತಿತ್ತು. ಹುಟ್ಟಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಹಾಗಾಗಿ ಅದಕ್ಕೆ ಭಾರ ಹೊರುವುದು ಗೊತ್ತಿರಲಿಲ್ಲ, ಬರೀ ಮಲಗುವುದು ಗೊತ್ತಿತ್ತು. ಅದರ ಮೇಲೆ ಕಾಲಿಡಬೇಕೆಂದು ಬೀದಿಗೆ ಬೀದಿಯೇ ತುದಿಗಾಲಲ್ಲಿ ನಿಂತಿತ್ತು. ಬೆಕ್ಕು, ಪೇಪರಿನವನು, ಮನೆಯವರ ಕಾರು, ಗಾಳಿಗೆ ಉದುರುವ ಎಲೆ, ಎಲ್ಲರೂ. ತಡೆಯುವುದಕ್ಕೆ ಇದ್ದವಳು ಒಬ್ಬಳೇ. ಅವಳ ಕೈಯಲ್ಲಿ ಕತ್ತಿಯಿರಲಿಲ್ಲ, ಗುರಾಣಿಯಿರಲಿಲ್ಲ. ಒಂದು ಉದ್ದನೆಯ ಕೋಲು, ಒಂದು ಮೋಟು ಸ್ಟೂಲು, 'ಶ್' ಅನ್ನುವ ಒಂದು ಬಾಯಿ, ಇಷ್ಟೇ.

ಕಥೆಯಲ್ಲಾದರೆ ಇಂಥವಳಿಗೆ ಕೊನೆಗೊಂದು ವರ ಸಿಗುತ್ತದೆ. ಈ ಬೆಳಗಿನ ಜಾವ ಗೇಟಿನ ಹೊರಗೆ ಕೂತಿರುವವರಿಗೆ ಸದ್ಯಕ್ಕೆ ಬೇಕಾಗಿರುವುದು ಬಿಸಿಲು.

ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಅವರು ಆಕಾಶ ನೋಡುತ್ತಿದ್ದಾರೆ. ಎದುರಿಗೆ ಕಂಬದಿಂದ ಕಂಬಕ್ಕೆ ಕೆಂಪು ಹಗ್ಗ. ಹಗ್ಗದಾಚೆ ಬಟಾಣಿ ಗಾತ್ರದ ಕಲ್ಲುಗಳು ಒಂದಕ್ಕೊಂದು ಆತುಕೊಂಡು, ಈಗತಾನೇ ಮಳೆ ನಿಂತ ಹಾಗೆ ಮಿರುಗುತ್ತಿವೆ. ಮಳೆ ಬಂದಿಲ್ಲ, ಆ ಮಿರುಗು ಅಂಟಿನದು. ಕಲ್ಲನ್ನು ರೆಸಿನ್ ಎಂಬ ಅಂಟಿನಲ್ಲಿ ಕಲಸಿ, ನೆಲಕ್ಕೆ ಸುರಿದು, ಕರಣೆಯಲ್ಲಿ ಎಳೆದು ಮಟ್ಟ ಮಾಡಿದ ದಾರಿ ಇದು. ನಿನ್ನೆ ಮಧ್ಯಾಹ್ನ ಹಾಸಿದ್ದು. ಹಾಸಿದವರು ಯಂತ್ರ, ಬಕೆಟ್ಟು ತೊಳೆದುಕೊಂಡು ಹೊರಟುಹೋಗಿದ್ದಾರೆ. ಕೆಲಸ ಮುಗಿಯಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಇವರ ಕೆಲಸ ಶುರುವಾಗುತ್ತದೆ. ಕತ್ತಲಾದ ಮೇಲೆ ಬೀದಿ ತಾನಾಗಿ ಸುಮ್ಮನಾಗುವುದರಿಂದ ಹಗ್ಗ ಬಿಗಿದು ಮನೆಗೆ ಹೋಗಿದ್ದರು. ಮೊದಲ ಬಸ್ಸಿಗೆ ವಾಪಸು ಬಂದಿದ್ದಾರೆ.

ಮನೆಯ ಪಕ್ಕದ ಓಣಿಯಿಂದ ಈ ಮನೆಯ ಅಳಿಯ ಬರುತ್ತಾರೆ. ಕಣ್ಣಲ್ಲಿನ್ನೂ ನಿದ್ದೆ, ಕೈಯಲ್ಲಿ ಹಸಿರು ಪೈಪು. ಪೈಪಿನ ಬಾಯಿಂದ ನೀರು ತೊಟ್ಟಿಕ್ಕುತ್ತಿದೆ.

"ಸರ್, ಸರ್! ಅಲ್ಲೇ ನಿಲ್ಲಿ. ಪೈಪ್ ಕೆಳಗಿಡಿ."

"ಅಲ್ಲಮ್ಮ, ಕ್ಯೂರಿಂಗ್ ಮಾಡ್ಬೇಡ್ವಾ? ಹಿಂದುಗಡೆ ಕೋಣೆ ಕಟ್ಟಿಸ್ದಾಗ ವಾರಗಟ್ಲೆ ನಾನೇ ನೀರು ಹಾಕಿದ್ದೆ."

"ಅದು ಸಿಮೆಂಟು. ಅದಕ್ಕೆ ಕುಡಿದಷ್ಟೂ ಸಾಲದು. ಇದಕ್ಕೆ ನೀರು ಕಂಡ್ರೆ ಆಗಲ್ಲ. ಹಸೀ ಇದ್ದಾಗ ಒಂದು ಲೋಟ ಬಿದ್ರೂ ಸಾಕು, ಮುಖ ಎಲ್ಲಾ ಬೆಳ್ಳಗೆ ಮಾಡ್ಕೊಂಡು ಕೂತ್ಬಿಡತ್ತೆ."

"ಮತ್ತೆ ಇದಕ್ಕೆ ಏನ್ ಮಾಡ್ಬೇಕು?"

"ಏನೂ ಮಾಡ್ಬಾರ್ದು ಸರ್. ಅದೇ ಕಷ್ಟ."

ಅಳಿಯ ಪೈಪನ್ನು ಹಾವು ಹಿಡಿದವರಂತೆ ದೂರ ಚಾಚಿಕೊಂಡು ಹಿಂದಕ್ಕೆ ಹೋಗುತ್ತಾರೆ. ಸ್ಟೂಲಿನವರು ನಗುವುದಿಲ್ಲ. ಹತ್ತು ಮನೆಗಳಲ್ಲಿ ನಾಲ್ಕು ಮನೆಯವರು ಹೀಗೆ ಪೈಪು ಹಿಡಿದು ಬರುತ್ತಾರಂತೆ. "ಕೆಟ್ಟ ಮನಸ್ಸಿಂದ ಯಾರೂ ಹಾಳು ಮಾಡಲ್ಲ. ಒಳ್ಳೇದು ಮಾಡೋಕೆ ಬಂದೇ ಹಾಳು ಮಾಡೋದು," ಎನ್ನುತ್ತಾರೆ.

ಜೊತೆಯ ಕೆಲಸಗಾರರು ಇವರಿಗೆ ಇಟ್ಟ ಹೆಸರು ತೊಟ್ಟಿಲಮ್ಮ. ಮೊದಲು ಅದು ಚುಡಾಯಿಸಲು ಹುಟ್ಟಿದ್ದು. ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಎಂದು ಒಬ್ಬ ಅಣಕಿಸಿದ, ಇನ್ನೊಬ್ಬ ಜೋಗುಳದ ರಾಗ ತೆಗೆದ. ಈಗ ಮೇಸ್ತ್ರಿಯ ಫೋನಿನಲ್ಲೂ ಅದೇ ಹೆಸರಿದೆ. ಇವರಿಗೂ ಬೇಸರವಿಲ್ಲ. "ಮಗೂನೇ ಅಂತ ಇಟ್ಕೊಳಿ. ವ್ಯತ್ಯಾಸ ಒಂದೇ, ಇದು ಅಳಲ್ಲ. ಅತ್ತಿದ್ರೆ ನನ್ನ ಅಗತ್ಯನೇ ಇರ್ತಿರ್ಲಿಲ್ಲ."

ಈ ಕೆಲಸಕ್ಕೆ ಅವರು ಹುಡುಕಿಕೊಂಡು ಬಂದವರಲ್ಲ. ಮದುವೆಯಾದ ಹೊಸದರಲ್ಲಿ ಕಲ್ಲಿನ ಗೋದಾಮಿನಲ್ಲಿ ಕಲ್ಲು ತೊಳೆದು, ಜರಡಿ ಹಿಡಿದು, ಒಣಗಿಸುವ ಕೆಲಸ. ಅಲ್ಲಿಂದ ಕರಣೆಗೆ. ಮೊಣಕಾಲಿಗೆ ದಪ್ಪ ಮೆತ್ತೆ ಕಟ್ಟಿಕೊಂಡು, ಹಸಿ ಕಲ್ಲಿನ ಮುಂದೆ ತೆವಳುತ್ತ ಹಿಂದೆ ಹಿಂದೆ ಸರಿಯುತ್ತ ಹೋಗುವುದು. ಬಾಗಿಲಿಂದ ಶುರುಮಾಡಿದರೆ ಗೇಟಿಗೆ ಬಂದು ಎದ್ದು ನಿಲ್ಲಬೇಕು. ನಡುವೆ ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ. ಹಾಗೆ ಹಿಂದಕ್ಕೆ ಸರಿದೂ ಸರಿದೂ ಒಂದು ದಿನ ಮೊಣಕಾಲು ಎದ್ದು ನಿಲ್ಲುವುದಿಲ್ಲ ಎಂದಿತು. ಮೇಸ್ತ್ರಿ ಮನೆಗೆ ಕಳಿಸಲಿಲ್ಲ. ಆ ತಿಂಗಳಷ್ಟೇ ಅವರು ಹಾಸಿದ ಮೂರು ದಾರಿಗಳು ಮಾರನೆಯ ಬೆಳಗಿಗೇ ಹಾಳಾಗಿದ್ದವು. ಒಂದರ ಮೇಲೆ ಪೇಪರಿನವನು ಎಸೆದ ಪುರವಣಿ ಅಂಟಿತ್ತು. ಕಿತ್ತರೆ ಕಾಗದ ಬಂತು, ಜಾಹೀರಾತಿನ ಹೆಣ್ಣಿನ ಅರ್ಧ ನಗು ದಾರಿಯಲ್ಲೇ ಉಳಿಯಿತು. ಇನ್ನೊಂದರ ಮೇಲೆ ಬೆಕ್ಕು ಗೇಟಿಂದ ಬಾಗಿಲಿಗೆ ಹೋಗಿ, ಬಾಗಿಲು ಹಾಕಿರುವುದು ಕಂಡು ವಾಪಸು ಬಂದಿತ್ತು. "ಹೋಗಿದ್ದು ಬೇರೆ ಕಾಣ್ತಿತ್ತು, ಬಂದಿದ್ದು ಬೇರೆ ಕಾಣ್ತಿತ್ತು," ಎಂದು ತೊಟ್ಟಿಲಮ್ಮ ಕೈಬೆರಳು ಮಡಚಿ ಬೆಕ್ಕಿನ ಹೆಜ್ಜೆ ಹಾಕಿ ತೋರಿಸುತ್ತಾರೆ. ಕೂತು ಕಾಯುವುದಕ್ಕೆ ಒಬ್ಬರು ಬೇಕು ಎಂದು ಮೇಸ್ತ್ರಿಗೆ ಹೊಳೆದಿದ್ದು ಆಗ.

ಅಂದಿನಿಂದ ವಾರಕ್ಕೆ ಎರಡು ಮೂರು ಮನೆ. ಬಿಸಿಲಿದ್ದರೆ ಒಂದು ಹಗಲಲ್ಲಿ ನಡೆದಾಡುವಷ್ಟು ಗಟ್ಟಿಯಾಗುತ್ತದೆ, ಕಾರಿಗೆ ಇನ್ನೂ ಒಂದೆರಡು ದಿನ ಬೇಕು. ಚಳಿ, ಮೋಡ ಇದ್ದರೆ ಲೆಕ್ಕ ತಪ್ಪುತ್ತದೆ. ಎಲ್ಲರೂ ಒಣಗಿತಾ ಒಣಗಿತಾ ಎಂದು ಕೇಳುತ್ತಾರೆ. "ಇದು ಬಟ್ಟೆ ಅಲ್ಲ ಒಣಗೋಕೆ. ಒಳಗೇ ಒಂದಕ್ಕೊಂದು ಹಿಡ್ಕೊಬೇಕು. ಮೇಲೆ ಮುಟ್ಟಿದ್ರೆ ಗಟ್ಟಿ, ಕೆಳಗೆ ಇನ್ನೂ ಮಿಜಿಮಿಜಿ ಇರತ್ತೆ."

ಮನೆಯಲ್ಲಿ ಇದೊಂದು ತಮಾಷೆಯ ವಿಷಯ. ಗಂಡ ಬಸ್ ಡಿಪೋದಲ್ಲಿ ಟಯರಿನ ವಿಭಾಗದಲ್ಲಿದ್ದಾರೆ. "ಇವಳು ನೆಲ ಒರೆಸಿದ್ರೆ ನಾನು ಮಂಚದಿಂದ ಇಳಿಯೋ ಹಾಗಿಲ್ಲ. ಅಲ್ಲೂ ಹಗ್ಗ ಕಟ್ತಾಳೆ," ಎಂದು ಅವರು ಬಂದವರಿಗೆಲ್ಲ ಹೇಳುತ್ತಾರಂತೆ. ಇಬ್ಬರೂ ಇರುವುದು ಮೂರನೇ ಮಹಡಿಯ ಎರಡು ಕೋಣೆಯಲ್ಲಿ. ಅವರ ಪಾಲಿಗೆ ದಾರಿ ಎಂದರೆ ಮೆಟ್ಟಿಲು.

ತೊಟ್ಟಿಲಮ್ಮನ ಬಳಿ ಒಂದು ಮರಿ ಇದೆ. ಬಣ್ಣದ ಡಬ್ಬದ ಮುಚ್ಚಳವೊಂದರಲ್ಲಿ, ದಾರಿಗೆ ಸುರಿದ ಅದೇ ಕಲಸಿನಲ್ಲಿ ಒಂದು ಹಿಡಿ ಹಾಕಿ, ಅಷ್ಟೇ ದಪ್ಪಕ್ಕೆ ತಟ್ಟಿ ಇಟ್ಟುಕೊಳ್ಳುತ್ತಾರೆ. ದಾರಿಯನ್ನು ಮುಟ್ಟಿ ನೋಡಿದರೆ ಗುರುತು ಬೀಳುತ್ತದೆ. ಮರಿಯನ್ನು ಎಷ್ಟು ಬೇಕಾದರೂ ಗೋಳು ಹೊಯ್ದುಕೊಳ್ಳಬಹುದು. ಮೊದಲು ಹೆಬ್ಬೆರಳು, ಆಮೇಲೆ ಉಗುರು, ಕೊನೆಗೆ ನೆಲಕ್ಕಿಟ್ಟು ಹಿಮ್ಮಡಿ ಊರಿ ಗಿರ್ರನೆ ತಿರುಗುತ್ತಾರೆ. ಒಂದು ಕಲ್ಲೂ ಏಳಲಿಲ್ಲ ಎಂದರೆ ಹಗ್ಗ ಬಿಚ್ಚುತ್ತಾರೆ. ಯಾವಾಗಲೂ ಕೊನೆಯ ಕಲಸಿನಿಂದಲೇ ಮರಿ ಮಾಡುವುದು. ಕೊನೆಗೆ ಬಿದ್ದದ್ದು ಕೊನೆಗೆ ಗಟ್ಟಿಯಾಗುತ್ತದೆ, ಅದು ಗಟ್ಟಿಯಾದರೆ ಮಿಕ್ಕಿದ್ದೆಲ್ಲ ಆಗಿರುತ್ತದೆ ಎಂಬ ಲೆಕ್ಕ. ಇವತ್ತಿನ ಮರಿ ಸ್ಟೂಲಿನ ಪಕ್ಕ, ಗೇಟಿನ ಕಂಬಕ್ಕೆ ಒರಗಿದೆ.

ಮನೆಯ ಮುಂಬಾಗಿಲು ತೆರೆಯುತ್ತದೆ. ಹೊಸ್ತಿಲಿಲ್ಲದ ಬಾಗಿಲು, ಮುಂದೆ ಪುಟ್ಟದೊಂದು ಇಳಿಜಾರು. ಇಳಿಜಾರಿನ ತಲೆಗೆ ಗಾಲಿಕುರ್ಚಿಯೊಂದು ಬಂದು ನಿಲ್ಲುತ್ತದೆ. ಕುರ್ಚಿಯಲ್ಲಿ ಅಳಿಯನ ಅತ್ತೆ. ಈ ಬೀದಿ ಅವರನ್ನು ಕರೆಯುವುದು ಟೈಲರಮ್ಮ ಎಂದು. ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಹೊಲಿದವರು. ಒಳ್ಳೆಯ ಕೋಟು ತೊಟ್ಟಿದ್ದಾರೆ, ಕೂದಲು ಬಾಚಿ ಬಿಗಿದಿದ್ದಾರೆ. ಈಗಲೇ ಎಲ್ಲಿಗೋ ಹೊರಟವರ ಹಾಗಿದ್ದಾರೆ.

"ಏನಂತಾನೆ ನಿನ್ನ ಮಗರಾಯ? ಎದ್ದನಾ?" ಎಂದು ದಾರಿಯ ಆ ತುದಿಯಿಂದ ಕೇಳುತ್ತಾರೆ.

"ಇನ್ನೂ ಮಗ್ಗುಲು ಬದಲಾಯಿಸ್ತಿದಾನೆ ಅಮ್ಮ," ಎಂದು ಈ ತುದಿಯಿಂದ ತೊಟ್ಟಿಲಮ್ಮ.

ಮೊನ್ನೆಯವರೆಗೆ ಇಲ್ಲಿ ಬಿಡಿ ಜಲ್ಲಿ ಇತ್ತು. ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಜಲ್ಲಿಯಲ್ಲಿ ಹೂತುಕೊಳ್ಳುತ್ತಿದ್ದವು. ಹೊರಗೆ ಹೋಗಬೇಕೆಂದರೆ ಇಬ್ಬರು ಮೂವರು ಸೇರಿ ಕುರ್ಚಿಯ ಸಮೇತ ಎತ್ತಬೇಕು. ಒಮ್ಮೆ ಎತ್ತುವಾಗ ಪಕ್ಕದ ಮನೆಯವರೊಬ್ಬರು ನಗುನಗುತ್ತ, "ಮೂಟೆ ಜೋರಾಗಿದೆ," ಎಂದರು. ಟೈಲರಮ್ಮನೂ ಆಗ ನಕ್ಕರು. ವಾಪಸು ಬಂದವರು ಮತ್ತೆ ಬಾಗಿಲು ದಾಟಲಿಲ್ಲ. "ನನ್ನ ಗಾಲಿ ನಾನೇ ತಳ್ಕೊಂಡು ಹೋಗೋ ಹಾಗಿದ್ರೆ ಹೋಗ್ತೀನಿ. ಇಲ್ದಿದ್ರೆ ಕಿಟಕಿ ಇದೆಯಲ್ಲ," ಎಂದು ಮಗಳಿಗೆ ಹೇಳಿಬಿಟ್ಟರು. ಪಕ್ಕದ ಓಣಿಗೆ ಮೆಟ್ಟಿಲಿದೆ, ಅದೂ ಆಗದು.

ಕಿಟಕಿಯ ಎದುರಿಗೇ ಅವರ ಅಕ್ಕನ ಮನೆ. ರಸ್ತೆ ದಾಟಿದರೆ ಅಕ್ಕ. ಆದರೆ ಅಕ್ಕನಿಗೂ ಮೊಣಕಾಲಿನ ಆಪರೇಷನ್ ಆಗಿ, ಊರುಗೋಲು ಜಲ್ಲಿಯಲ್ಲಿ ಜಾರುತ್ತದೆಂದು ಬರುವುದು ನಿಂತುಹೋಗಿತ್ತು. ಅಕ್ಕತಂಗಿಯರು ಒಬ್ಬರಿಗೊಬ್ಬರು ಕಾಣುವ ಎರಡು ಕಿಟಕಿಗಳಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. "ಪರದೆ ಸರಿಸೇ, ನೀನು ಮುಖ ಗಂಟಿಕ್ಕಿದೀಯೋ ಇಲ್ವೋ ಕಾಣ್ತಿಲ್ಲ," ಎನ್ನುವುದು ಅಕ್ಕನ ಮೊದಲ ಮಾತು.

ಅಕ್ಕ ಇವತ್ತು ಮನೆ ಬಿಡುತ್ತಿದ್ದಾರೆ. ಮಗಳ ಊರು ದೂರ. ಸಾಮಾನಿನ ಲಾರಿ ಬೆಳಗ್ಗೆಯೇ ಬರುವುದೆಂದು ನಿಶ್ಚಯವಾಗಿದೆ. ಅದಕ್ಕೆ ಮೊದಲು ದಾರಿ ಆಗಲಿ ಎಂದೇ ಟೈಲರಮ್ಮ ಪಟ್ಟು ಹಿಡಿದು ಕೆಲಸ ಹಿಡಿಸಿದ್ದು. ಹೋದ ವಾರವೇ ಹಾಸಬೇಕಿತ್ತು, ಮಳೆ ಬಿಡಲಿಲ್ಲ. ನಿನ್ನೆ ಮುಗಿಸಿ ಹೊರಡುವಾಗ ಮೇಸ್ತ್ರಿ, "ಬೆಳಗ್ಗೆ ನಡೆದಾಡಬಹುದು, ಕಾರು ಮಾತ್ರ ನಾಳಿದ್ದು," ಎಂದರು. ಗಾಲಿಕುರ್ಚಿಯ ಮಾತು ಯಾರೂ ಎತ್ತಲಿಲ್ಲ. ಟೈಲರಮ್ಮ ಬಾಗಿಲಿಂದಲೇ ತೊಟ್ಟಿಲಮ್ಮನನ್ನು ಕೂಗಿ, "ನಮ್ಮಕ್ಕ ಲಾರಿ ಹತ್ತೋ ಮುಂಚೆ ನಾನು ದಾಟ್ಬೇಕು," ಎಂದರು. "ದಾಟಿಸ್ತೀನಿ ಅಮ್ಮ. ಈ ದಾರಿ ಮೇಲೆ ಮೊದಲ ಗಾಲಿ ನಿಮ್ದೇ," ಎಂದು ತೊಟ್ಟಿಲಮ್ಮ ಮಾತು ಕೊಟ್ಟರು.

ಕೊಟ್ಟ ಮೇಲೆ ಬಸ್ಸಿನಲ್ಲಿ ಯೋಚನೆ ಹತ್ತಿತಂತೆ. ಮನುಷ್ಯರ ಪಾದ ಅಗಲ, ಭಾರ ಹಂಚಿಹೋಗುತ್ತದೆ. ಗಾಲಿಕುರ್ಚಿಯ ಮುಂದಿನ ಗಾಲಿ ಎರಡು ಬೆರಳಿನಷ್ಟು ಸಪೂರ. ಅದು ನಿಂತಲ್ಲೇ ತಿರುಗಿದರೆ ಕಲ್ಲನ್ನು ಬುಡಸಮೇತ ತಿರುಚುತ್ತದೆ. ಒಮ್ಮೆ ಕಿತ್ತರೆ ತೇಪೆ ಹಾಕಬಹುದು, ಆದರೆ ತೇಪೆಯ ಅಂಚು ಎಲ್ಲೋ ಒಂದು ಕೂದಲೆಳೆ ಎದ್ದೇ ಇರುತ್ತದೆ. ಕಾರಿಗೆ ಅದು ಲೆಕ್ಕಕ್ಕಿಲ್ಲ. ಸಪೂರ ಗಾಲಿ ದಿನಾ ಅಲ್ಲೇ ಮುಗ್ಗರಿಸುತ್ತದೆ. ಹಾಗಾದರೆ ಮತ್ತೆ ಜಲ್ಲಿಯ ಕಥೆಯೇ.

ಬಿಸಿಲು ಬರುತ್ತದೆ. ಮೊದಲು ಎದುರುಮನೆಯ ಮಾಡಿಗೆ, ಆಮೇಲೆ ರಸ್ತೆಗೆ, ಆಮೇಲೆ ಗೇಟಿಗೆ. ಅದರ ಹಿಂದೆಯೇ ಲಾರಿಯೂ ಬರುತ್ತದೆ. ಕೈಗವಸು ಹಾಕಿದ ಇಬ್ಬರು ಇಳಿದು ಅಕ್ಕನ ಮನೆಯೊಳಗೆ ನುಗ್ಗುತ್ತಾರೆ. ಟೈಲರಮ್ಮ ಕುರ್ಚಿಯ ಕೈ ಬಿಗಿಹಿಡಿದು ಅದನ್ನೇ ನೋಡುತ್ತಿದ್ದಾರೆ.

ತೊಟ್ಟಿಲಮ್ಮ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಒತ್ತುತ್ತಾರೆ. ಗುರುತಿಲ್ಲ. ಉಗುರು ಹಾಕುತ್ತಾರೆ. ಏಳುವುದಿಲ್ಲ. ನೆಲಕ್ಕಿಟ್ಟು, ಗೇಟು ಹಿಡಿದುಕೊಂಡು, ಹಿಮ್ಮಡಿ ಊರಿ ತಿರುಗುತ್ತಾರೆ. ಮುಚ್ಚಳ ಕೀರೆಂದಿತೇ ಹೊರತು ಕಲ್ಲು ಕದಲಲಿಲ್ಲ. ಅವರ ಮುಖ ಅರಳುತ್ತದೆ. ಹಗ್ಗದ ಒಂದು ತುದಿ ಬಿಚ್ಚುತ್ತಾರೆ.

"ಅಮ್ಮಾ, ಬನ್ನಿ! ನೇರವಾಗಿ ಬನ್ನಿ."

ಟೈಲರಮ್ಮ ಇಳಿಜಾರು ಇಳಿಯುವುದಿಲ್ಲ. ಬಟ್ಟೆಯನ್ನು ಕತ್ತರಿಸುವ ಮುಂಚೆ ಬೆರಳಲ್ಲಿ ಸವರಿ ನೋಡುವುದು ಅವರ ಕೈಗೆ ಹತ್ತಿದ ಅಭ್ಯಾಸ. ಇಳಿಜಾರು ಮೋಟು, ಕುರ್ಚಿಯಿಂದ ಬಾಗಿದರೆ ಅದರ ಬುಡ ಕೈಗೆ ಸಿಗುತ್ತದೆ. ಬಾಗಿ, ದಾರಿ ಶುರುವಾಗುವ ಜಾಗಕ್ಕೆ ಬೆರಳು ತಾಗಿಸುತ್ತಾರೆ. ತೆಗೆಯುತ್ತಾರೆ. ಮತ್ತೆ ತಾಗಿಸುತ್ತಾರೆ. ಎದುರುಗಡೆ ಲಾರಿಯ ಹಿಂಬಾಗಿಲು ಧಡಾರನೆ ಬಿಚ್ಚಿಕೊಂಡ ಸದ್ದು. ಅವರು ಲಾರಿ ನೋಡುತ್ತಾರೆ, ಬೆರಳು ನೋಡುತ್ತಾರೆ.

"ಬನ್ನಿ ಅತ್ತೆ, ಮತ್ಯಾಕೆ ತಡ?" ಎಂದು ಹಿಂದಿನಿಂದ ಅಳಿಯ.

"ತಾಳಪ್ಪ," ಎನ್ನುತ್ತಾರೆ ಟೈಲರಮ್ಮ. ಆಮೇಲೆ ಗೇಟಿನ ಕಡೆ ಗಂಟಲು ಎತ್ತರಿಸಿ, "ಏ, ಹಗ್ಗ ಕಟ್ಟು. ಇಲ್ಲಿನ್ನೂ ಬೆರಳು ಹಿಡೀತಿದೆ."

"ಒಂಚೂರು ಹಿಡಿದ್ರೆ ಏನಾಗತ್ತೆ ಅತ್ತೆ? ಅವರೇ ಬನ್ನಿ ಅಂತಿದಾರಲ್ಲ."

"ಕಚ್ಚಾ ಹೊಲಿಗೆ ಹಾಕಿರೋ ಕೋಟು ಹಾಕ್ಕೊಂಡು ಮದುವೆಗೆ ಹೋಗ್ತೀಯೇನಪ್ಪ ನೀನು?"

ತೊಟ್ಟಿಲಮ್ಮ ಹಗ್ಗ ಮತ್ತೆ ಬಿಗಿದು, ಓಣಿಯ ಮೆಟ್ಟಿಲು ಹತ್ತಿ, ಅಡುಗೆಮನೆ ಹಾದು ಬಾಗಿಲಿಗೆ ಬರುತ್ತಾರೆ. ಇಳಿಜಾರಿನ ಮೇಲೆ ಮಂಡಿಯೂರುತ್ತಾರೆ. ಮಂಡಿ ಲಟಕ್ ಎನ್ನುತ್ತದೆ. ದಾರಿಯ ಅಂಚಿಗೆ ಉಗುರು ಹಾಕಿದರೆ ಒಂದು ಕಲ್ಲು ಹಾಲುಹಲ್ಲಿನಂತೆ ಅಲುಗಾಡುತ್ತದೆ. ಅದನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ತಲೆಯೆತ್ತಿ ಪಕ್ಕದ ಮನೆಯ ಗೋಡೆ ನೋಡುತ್ತಾರೆ. ಎರಡಾಳು ಎತ್ತರದ ಗೋಡೆ. ಬಾಗಿಲ ಮುಂದೆಲ್ಲ ಅದರದೇ ನೆರಳು.

"ನಂದೇ ತಪ್ಪು," ಎನ್ನುತ್ತಾರೆ. "ನೆನ್ನೆ ಮಧ್ಯಾಹ್ನ ಇಲ್ಲೆಲ್ಲಾ ಬಿಸಿಲು ಸುರೀತಿತ್ತು. ಮೊದಲು ಹಾಸಿದ ಜಾಗ ಬೇರೆ, ಇದಕ್ಕೇನು ಭಯ ಅಂದ್ಕೊಂಡೆ. ಬೆಳಗ್ಗೆ ಈ ಗೋಡೆ ಇಷ್ಟುದ್ದ ನೆರಳು ಚೆಲ್ಲತ್ತೆ ಅಂತ ತಲೆಗೇ ಹೋಗ್ಲಿಲ್ಲ. ಮರಿ ಅಲ್ಲಿ ಬಿಸಿಲಲ್ಲಿ ಕೂತು ಜಂಬ ಕೊಚ್ಕೊಳ್ತಿದೆ, ಇಲ್ಲಿ ದಾರಿ ಚಳೀಲಿ ನಡುಗ್ತಿದೆ."

ಟೈಲರಮ್ಮ ಬೆರಳಿಗೆ ಹತ್ತಿದ ಅಂಟನ್ನು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದಾರೆ.

"ನೀವು ಹೇಳ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ," ಎನ್ನುತ್ತಾರೆ ತೊಟ್ಟಿಲಮ್ಮ.

"ಹೇಳ್ಬಾರ್ದು ಅಂತಲೇ ಇದ್ದೆ."

"ಕಂಡೆ."

"ಕಂಡ್ಯಾ? ಕಣ್ಣು ಚುರುಕಾಗಿದೆ. ಗೋಡೆ ಒಂದು ಕಾಣ್ಲಿಲ್ಲ ನೋಡು."

ತೊಟ್ಟಿಲಮ್ಮ ತಲೆ ತಗ್ಗಿಸಿ ನಗುತ್ತಾರೆ. ಟೈಲರಮ್ಮನ ಮಗಳು ಒಳಗಿನಿಂದ ಕೂದಲು ಒಣಗಿಸುವ ಡ್ರೈಯರ್ ತರಲೇ ಎನ್ನುತ್ತಾರೆ. ಬೇಡ, ಗಾಳಿ ಊದಿದರೆ ಮೇಲೆ ಮಾತ್ರ ಚರ್ಮ ಕಟ್ಟುತ್ತದೆ, ಒಳಗಿನದು ಹಾಗೇ ಇರುತ್ತದೆ. ಕುರ್ಚಿ ಎತ್ತಿ ಓಣಿಯಿಂದ ಇಳಿಸಲೇ ಎಂದು ಅಳಿಯ. ಟೈಲರಮ್ಮ ಗಾಲಿಯ ಬ್ರೇಕು ಹಾಕಿಕೊಳ್ಳುತ್ತಾರೆ. ಹಲಗೆ ಹಾಸಿದರೆ ಹಲಗೆಯ ಅಂಚೇ ಊರಿಕೊಳ್ಳುತ್ತದೆ. ಇನ್ನೊಂದು ಗಂಟೆಯಾದರೂ ಬಿಸಿಲು ಗೋಡೆ ದಾಟುವ ಹಾಗೆ ಕಾಣುವುದಿಲ್ಲ. ಅಷ್ಟರಲ್ಲಿ ಲಾರಿ ಹೊರಟಿರುತ್ತದೆ.

ಆ ಹೊತ್ತಿಗೆ ಎದುರುಮನೆಯಿಂದ ಬೀರು ಹೊರಗೆ ಬರುತ್ತದೆ. ಮರದ ಹಳೆಯ ಬೀರು, ಬಾಗಿಲಿನುದ್ದಕ್ಕೂ ಕನ್ನಡಿ. ಹೊತ್ತವರಿಬ್ಬರೂ ರಸ್ತೆಯಂಚಿಗೆ ಬಂದು ದಣಿವಾರಿಸಿಕೊಳ್ಳಲು ಅದನ್ನು ಇಳಿಸುತ್ತಾರೆ. ಇಳಿಸುವಾಗ ಬೀರು ಓಲಾಡಿ, ಕನ್ನಡಿ ಬಿಸಿಲಿಗೆ ತಿರುಗಿ, ಬೆಳಕಿನ ತುಂಡೊಂದು ಗೇಟಿನ ಮೇಲೆ ಹಾರಿ, ದಾರಿಯುದ್ದಕ್ಕೂ ಓಡಿ, ಟೈಲರಮ್ಮನ ಕಾಲ ಬಳಿ ಬಂದು, ಮತ್ತೆ ಎಲ್ಲಿಗೋ ಹೊರಟುಹೋಗುತ್ತದೆ.

ತೊಟ್ಟಿಲಮ್ಮ ಎದ್ದು ನಿಂತಿದ್ದಾರೆ. "ಅಣ್ಣಾ! ಆ ಬೀರು ಎತ್ಬೇಡಿ! ಸ್ವಲ್ಪ ಈ ಕಡೆ ತಿರುಗ್ಸಿ, ಈ ಕಡೆ!"

ಬೀರು ಹೊತ್ತವರಿಗೆ ತಲೆಬುಡ ತಿಳಿಯುವುದಿಲ್ಲ. ಡ್ರೈವರು ಇಳಿದು ಬಂದು, ಬೀರು ಮೊದಲು ಹತ್ತಬೇಕು, ಚಿಲ್ಲರೆ ಸಾಮಾನೆಲ್ಲ ಆಮೇಲೆ, ಹೊತ್ತಾಯಿತು ಎನ್ನುತ್ತಾರೆ. ಬಾಗಿಲಲ್ಲಿ ಊರುಗೋಲು ಹಿಡಿದು ನಿಂತ ಅಕ್ಕನಿಗೆ ಮಾತ್ರ ಒಂದೇ ನೋಟಕ್ಕೆ ಎಲ್ಲ ಅರ್ಥವಾದ ಹಾಗಿದೆ.

"ಅವರು ಹೇಳ್ದಷ್ಟು ತಿರುಗ್ಸಪ್ಪ," ಎನ್ನುತ್ತಾರೆ ಅಕ್ಕ.

"ಅಲ್ಲಮ್ಮ, ದೂರದ ದಾರಿ..."

"ನನಗೂ ಅದೇ ದೂರ ಕಣಪ್ಪ. ನೀನು ನಾಳೆ ವಾಪಸ್ ಬರ್ತೀಯ, ನಾನು ಬರ್ತೀನಾ? ತಿರುಗ್ಸು."

ಬೀರು ತಿರುಗುತ್ತದೆ. ಇನ್ನೂ ಸ್ವಲ್ಪ. ಹೆಚ್ಚಾಯಿತು. ಬಾಗಿಲನ್ನೊಂದಿಷ್ಟು ತೆರೆಯಿರಿ. ಹಾಂ. ಬಾಗಿಲಿನಾಕಾರದ ಬಿಸಿಲು ಗೋಡೆಯ ನೆರಳಿನೊಳಕ್ಕೆ ನುಗ್ಗಿ ಇಳಿಜಾರಿನ ಬುಡದಲ್ಲಿ ಮಲಗುತ್ತದೆ. ತೊಟ್ಟಿಲಮ್ಮ ಅದರ ಮೇಲೆ ಅಂಗೈ ಹಿಡಿದು ನೋಡುತ್ತಾರೆ. ಬೆಚ್ಚಗಿದೆ.

ಆಮೇಲಿನ ಹೊತ್ತಿನಲ್ಲಿ ಹೇಳುವಂಥದ್ದೇನೂ ನಡೆಯುವುದಿಲ್ಲ. ತೊಟ್ಟಿಲಮ್ಮನ ಕಸುಬಿನ ಬಹುಪಾಲು ಇಂಥ ಹೊತ್ತೇ. ಲಾರಿಯವರು ಗೊಣಗುತ್ತಲೇ ಚಿಲ್ಲರೆ ಸಾಮಾನು ತಂದು ಬೀರುವಿನ ಸುತ್ತ ಜೋಡಿಸುತ್ತಾರೆ. ಅಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಬೀರುವಿನ ಪಕ್ಕ ಕೂತಿದ್ದಾರೆ. ಸೂರ್ಯ ಸರಿದಂತೆ ಬಿಸಿಲಿನ ತುಂಡೂ ಸರಿಯುತ್ತದೆ. ಆಗೆಲ್ಲ ತೊಟ್ಟಿಲಮ್ಮ ಕೈ ಎತ್ತಿ ಸನ್ನೆ ಮಾಡುತ್ತಾರೆ, ಅಕ್ಕ ಊರುಗೋಲಿನ ತುದಿಯಿಂದ ಬೀರುವಿನ ಬಾಗಿಲನ್ನು ಒಂದಿಷ್ಟು ತಳ್ಳುತ್ತಾರೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಾರೆ. ಡ್ರೈವರಿಗೂ ಆಸಕ್ತಿ ಹುಟ್ಟಿ, "ಇನ್ನೂ ಎಡಕ್ಕಾ?" ಎಂದು ಕೇಳತೊಡಗಿದ್ದಾರೆ. ಬಾಗಿಲಲ್ಲಿ ತೊಟ್ಟಿಲಮ್ಮ ಮತ್ತು ಟೈಲರಮ್ಮ ಅಕ್ಕಪಕ್ಕ ಕೂತು ನೆಲ ನೋಡುತ್ತಿದ್ದಾರೆ.

"ನಿನಗೆ ಬೇಜಾರಾಗಲ್ವೇನೇ, ದಿನಾ ಹೀಗೆ ಕೂತು?" ಎಂದು ಟೈಲರಮ್ಮ.

"ಆಗತ್ತೆ. ಬೇಜಾರಿಗಿಂತ, ಒಂದಾಸೆ ಇದೆ ಅಮ್ಮ. ದಾರಿ ಗಟ್ಟಿಯಾದ ತಕ್ಷಣ ಹಗ್ಗ ಸುತ್ಕೊಂಡು ಮುಂದಿನ ಮನೆಗೆ ಹೋಗ್ಬಿಡ್ತೀನಿ. ಅದರ ಮೇಲೆ ಯಾರು ಬಂದ್ರು, ಯಾರು ಹೋದ್ರು, ಒಂದೂ ನೋಡಿಲ್ಲ. ಒಂದ್ಸಲ ಕೂತು ನೋಡ್ಬೇಕು."

"ಇವತ್ತು ನೋಡ್ಕೊಂಡೇ ಹೋಗು."

ತೊಟ್ಟಿಲಮ್ಮ ಉಗುರು ಹಾಕುತ್ತಾರೆ. ಹಾಲುಹಲ್ಲು ಅಲುಗಾಡುವುದಿಲ್ಲ. ಅದರ ಪಕ್ಕದ್ದು, ಅದರ ಪಕ್ಕದ್ದು. ಗೋಡೆ ಹಿಡಿದು ಎದ್ದು, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಇಳಿಜಾರು ಇಳಿದು ದಾರಿಯ ಮೇಲೆ ನಿಲ್ಲುತ್ತಾರೆ. ರಸ್ತೆಯ ಆಚೆ ಈಚೆ ಎಲ್ಲರೂ ಅವರ ಪಾದವನ್ನೇ ನೋಡುತ್ತಿದ್ದಾರೆ. ಹಿಮ್ಮಡಿ ಊರಿ, ಕಣ್ಣು ಮುಚ್ಚಿ, ಗಿರ್ರನೆ ತಿರುಗುತ್ತಾರೆ. ಬಗ್ಗಿ ನೋಡುತ್ತಾರೆ. ಇನ್ನೊಂದು ಕಡೆ ತಿರುಗುತ್ತಾರೆ. ಮತ್ತೆ ಬಗ್ಗಿ ನೋಡುತ್ತಾರೆ.

"ಬರ್ಬಹುದು. ಆದ್ರೆ ನಡುವೆ ನಿಲ್ಬೇಡಿ, ತಿರುಗಿಸ್ಬೇಡಿ. ಗೇಟಿನ ತನಕ ಒಂದೇ ನೇರ."

"ಮೂವತ್ತು ವರ್ಷ ನೇರ ಹೊಲಿಗೆ ಹಾಕಿದೀನಿ. ನನಗೆ ನೇರ ಹೇಳ್ಕೊಡ್ತಾಳೆ ಇವಳು," ಎನ್ನುತ್ತಾರೆ ಟೈಲರಮ್ಮ. ಅಳಿಯ ಕುರ್ಚಿಯ ಹಿಡಿಗೆ ಕೈ ಹಾಕಲು ಬಂದರೆ, "ಕೈ ತೆಗಿ," ಎನ್ನುತ್ತಾರೆ.

ಕುರ್ಚಿ ಇಳಿಜಾರು ಇಳಿಯುತ್ತದೆ. ಮುಂದಿನ ಸಣ್ಣ ಗಾಲಿಗಳು ಕಲ್ಲಿನ ಮೇಲೆ ಬಂದಾಗ ಅಕ್ಕಿ ಮೊರದಲ್ಲಿ ಸರಿದಂಥ ಸದ್ದು. ಕನ್ನಡಿಯ ಬೆಳಕು ಮುಖಕ್ಕೆ ಹೊಡೆದು ಟೈಲರಮ್ಮನ ಕಣ್ಣು ಕಿರಿದಾಗುತ್ತದೆ, ಕೈ ನಿಲ್ಲುವುದಿಲ್ಲ. ಬೆಳಕಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ. ತೊಟ್ಟಿಲಮ್ಮ ಬಾಗಿಲಲ್ಲಿ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಅಳಿಯ ಓಣಿಯಿಂದ ಗೇಟಿಗೆ ಓಡಿಹೋಗಿ ಹಗ್ಗ ಎತ್ತಿ ಹಿಡಿಯುತ್ತಾರೆ. ಕುರ್ಚಿ ಹಗ್ಗದ ಕೆಳಗೆ ಹಾದು, ಕಾಲುದಾರಿಯ ಚಪ್ಪಡಿ ಮುಟ್ಟಿ, ಅಲ್ಲಿ ಮೊದಲ ಬಾರಿಗೆ ನಿಲ್ಲುತ್ತದೆ. ಡ್ರೈವರು ಎರಡೂ ಕೈ ಚಾಚಿ ರಸ್ತೆಯಲ್ಲಿ ಬರುತ್ತಿದ್ದ ಸೈಕಲ್ಲೊಂದನ್ನು ತಡೆದು ನಿಲ್ಲಿಸುತ್ತಾರೆ.

"ಇಷ್ಟು ಹೊತ್ತೇನೇ, ಎದುರುಮನೆಗೆ ಬರೋಕೆ?" ಎನ್ನುತ್ತಾರೆ ಅಕ್ಕ.

"ಬಂದೆನಲ್ಲ. ಹೋಗ್ತಿರೋಳು ನೀನು," ಎನ್ನುತ್ತಾರೆ ತಂಗಿ, ರಸ್ತೆ ದಾಟುತ್ತ.

ಬೀರು ಲಾರಿ ಹತ್ತಲು ಇನ್ನೂ ಸ್ವಲ್ಪ ಹೊತ್ತಿದೆ. ಬೀರುವಿನ ಪಕ್ಕ ಒಂದು ಕುರ್ಚಿ, ಒಂದು ಗಾಲಿಕುರ್ಚಿ. ಅವರ ಮಾತು ಈಚೆ ಬದಿಗೆ ಕೇಳಿಸುವುದಿಲ್ಲ. ಪರದೆ ಸರಿಸು ಎಂದು ಯಾರೂ ಹೇಳಬೇಕಾಗಿಲ್ಲ.

ತೊಟ್ಟಿಲಮ್ಮ ದಾರಿಯ ಬದಿಯಲ್ಲಿ ಬಗ್ಗಿ, ಬಾಗಿಲಿಂದ ಗೇಟಿನ ತನಕ ಒಂದೊಂದೇ ಹೆಜ್ಜೆಯಿಡುತ್ತ, ಗಾಲಿ ಹೋದ ಗೆರೆ ಎಲ್ಲಾದರೂ ಬಿದ್ದಿದೆಯೇ ಎಂದು ಹುಡುಕುತ್ತಾರೆ. ಬಿಸಿಲಿಗೆ ಅಡ್ಡವಾಗಿ ತಲೆ ವಾಲಿಸಿ ನೋಡುತ್ತಾರೆ. ಅಂಗೈಯಲ್ಲಿ ಸವರುತ್ತಾರೆ. ಗೇಟಿಗೆ ಬಂದು, ಸೊಂಟಕ್ಕೆ ಕೈಕೊಟ್ಟು ನೇರವಾಗುತ್ತಾರೆ. ಅಳಿಯ ಇನ್ನೂ ಹಗ್ಗ ಎತ್ತಿಹಿಡಿದೇ ನಿಂತಿದ್ದಾರೆ.

"ನೋಡಿ ಸರ್, ಚೆನ್ನಾಗಿ ನೋಡಿ," ಎನ್ನುತ್ತಾರೆ. "ಯಾರೋ ಹೋಗಿದಾರೆ ಅಂದ್ರೆ ನಂಬ್ತೀರಾ?"